ತುರ್ತು ಹೊತ್ತಿಗೆ ಮನೆ ಸಿದ್ಧವಿರಲಿ

ಮೊದಲು ನೀರು. ತಲೆಗೆ ದಿನಕ್ಕೆ 4 ಲೀಟರ್, ಕನಿಷ್ಠ 3 ದಿನಕ್ಕೆ. ನಾಲ್ವರಿದ್ದರೆ 48 ಲೀಟರ್. ದೊಡ್ಡ ಡ್ರಮ್ಮಿಗಿಂತ 10 ಲೀಟರಿನ ಕ್ಯಾನುಗಳೇ ಮೇಲು: ಒಂದು ಸೋರಿದರೂ ಉಳಿದವು ಇರುತ್ತವೆ, ಹೊತ್ತೊಯ್ಯಲೂ ಸುಲಭ. ಹಾಲು ತುಂಬಿದ್ದ ಪ್ಲಾಸ್ಟಿಕ್ ಡಬ್ಬಿ ಬೇಡ. ಎಷ್ಟು ತೊಳೆದರೂ ಉಳಿಯುವ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆರು ತಿಂಗಳಿಗೊಮ್ಮೆ ನೀರು ಬದಲಿಸಿ. ಅನುಮಾನ ಬಂದರೆ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಿ.

ಬ್ಯಾಟರಿಗಳನ್ನು ಟಾರ್ಚಿನೊಳಗೆ ಹಾಕಿಡಬೇಡಿ. ತಿಂಗಳುಗಟ್ಟಲೆ ಬಿದ್ದಿದ್ದರೆ ಅವು ಸೋರಿ ಸ್ಪ್ರಿಂಗ್ ಹಾಳಾಗುತ್ತದೆ, ಬೇಕಾದ ರಾತ್ರಿಯೇ ಟಾರ್ಚ್ ಹತ್ತುವುದಿಲ್ಲ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಕಿಡಿ ಎರಡರಲ್ಲೂ ಹಾರಬಹುದು. ಕೈಗೆಟುಕಿದರೆ ವಾಲ್ವ್ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತನ್ನಿ, ದೂರ ಹೋದ ಮೇಲೆ ಫೋನ್ ಮಾಡಿ. ವಾಲ್ವ್, ಮೇನ್ ಸ್ವಿಚ್ ಎಲ್ಲಿವೆ ಎಂಬುದು ಎಷ್ಟೋ ಮನೆಗಳಲ್ಲಿ ಒಬ್ಬರಿಗೇ ಗೊತ್ತು, ಅವರು ಆ ಹೊತ್ತಿಗೆ ಮನೆಯಲ್ಲಿ ಇರಬೇಕಲ್ಲ! ಎಲ್ಲರಿಗೂ ತೋರಿಸಿಡಿ.

ಬಾಗಿಲ ಬಳಿಯ ಬ್ಯಾಗಿನಲ್ಲಿ ವಾರದ ಔಷಧಿ, ವೈದ್ಯರ ಚೀಟಿ, ದಾಖಲೆಗಳ ನಕಲು, ಸಣ್ಣ ನೋಟುಗಳು, ಸೀಟಿ. ಫೋನ್ ನಂಬರುಗಳನ್ನು ಕಾಗದದಲ್ಲೂ ಬರೆದಿಡಿ. ಮೊಬೈಲ್ ಸತ್ತರೆ ಸ್ವಂತ ಮಗನ ನಂಬರೂ ನೆನಪಿಗೆ ಬರುವುದಿಲ್ಲ.