ರಾತ್ರಿ ಊಟದಿಂದ ಶುರುವಾದ ಶಾಲೆ

2022ರಲ್ಲಿ ನಮ್ಮ ರಾಜ್ಯದ ಶಾಲೆಗಳು ಮೇ 16ಕ್ಕೇ ತೆರೆದವು. ಮೇ ಕೊನೆಗೋ ಜೂನ್ ಒಂದಕ್ಕೋ ಶಾಲೆ ಅನ್ನುವುದು ನಮ್ಮೆಲ್ಲರ ತಲೆಯಲ್ಲಿ ಕೂತ ಲೆಕ್ಕ. ಆ ವರ್ಷ ಎರಡು ವಾರ ಮೊದಲೇ ಗಂಟೆ ಹೊಡೆಯಿತು. ಕೊರೊನಾದಿಂದ ಎರಡು ವರ್ಷ ತರಗತಿಗಳು ಸರಿಯಾಗಿ ನಡೆದಿರಲಿಲ್ಲ. ಹಿಂದೆ ಬಿಟ್ಟುಹೋದದ್ದನ್ನೂ ಕಲಿಸಬೇಕು ಅಂತ ಸರ್ಕಾರ ಅದನ್ನು ‘ಕಲಿಕಾ ಚೇತರಿಕೆ’ ವರ್ಷ ಎಂದು ಕರೆದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಏಪ್ರಿಲ್ 10ಕ್ಕೆ ಶುರುವಾದ ರಜೆ ಮೇ 15ಕ್ಕೇ ಮುಗಿಯುತ್ತದೆ ಅಂದಾಗ ನಮ್ಮ ಮನೆಯಲ್ಲಿ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಗಾಬರಿಯಾದರು.

ನಾವಿರುವುದು ಶಿವಮೊಗ್ಗದಲ್ಲಿ. ನನ್ನ ತವರುಮನೆ ತೀರ್ಥಹಳ್ಳಿ ಕಡೆ. ರಜೆ ಬಂತೆಂದರೆ ಮಕ್ಕಳಿಬ್ಬರೂ ಅಲ್ಲೇ. ಮೇ ತಿಂಗಳು ಅಂದರೆ ಮಲೆನಾಡಿನ ಮನೆಗಳಿಗೆ ಮಳೆಗಾಲದ ತಯಾರಿಯ ತಿಂಗಳು. ಸೌದೆ ಕೊಟ್ಟಿಗೆ ಸೇರಬೇಕು, ಹಪ್ಪಳ ಒಣಗಬೇಕು, ಉಪ್ಪಿನಕಾಯಿ ಭರಣಿ ತುಂಬಬೇಕು. ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವವರನ್ನು ಹುಡುಕುತ್ತಾ ಅಪ್ಪ ಫೋನಿನಲ್ಲೇ ಇರುತ್ತಾರೆ. ಇದರ ನಡುವೆ ಎರಡು ವರ್ಷದಿಂದ ನಿಂತಿದ್ದ ಮದುವೆಗಳೆಲ್ಲ ಅದೇ ತಿಂಗಳಿಗೆ ಬಂದು ಬಿದ್ದಿದ್ದವು. ಶಾಲೆ ವಿಷಯ ಹೇಳಿದ್ದಕ್ಕೆ ಅಮ್ಮ, “ಮೇ ತಿಂಗಳಲ್ಲಿ ಎಂಥಾ ಶಾಲೆಯೇ? ಹಲಸಿನ ಹಣ್ಣನ್ನಾದರೂ ತಿಂದು ಹೋಗಲಿ ಮಕ್ಕಳು” ಅಂದಳು.

ಮಗನ ಕಥೆ ಬೇರೆಯದು. ಅವನು ಎರಡನೇ ತರಗತಿಗೆ ಹೋಗಬೇಕಿತ್ತು. ಒಂದನೇ ತರಗತಿಯಲ್ಲಿ ಅವನು ಶಾಲೆಯ ಒಳಗೆ ಕಾಲಿಟ್ಟದ್ದೇ 2021ರ ಅಕ್ಟೋಬರ್ 25ಕ್ಕೆ. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಶಾಲೆ ತೆರೆದ ದಿನ ಅದು. ಅದಾಗಿ ಸ್ವಲ್ಪ ದಿನಕ್ಕೇ ದೀಪಾವಳಿ. ಹಾಗಾಗಿ ಬೇಸಿಗೆ ಮುಗಿದ ಮೇಲೆ ಶಾಲೆ ಶುರುವಾಗುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. “ಶಾಲೆ ದೀಪಾವಳಿಗೆ ಅಲ್ವಾ ಅಮ್ಮಾ?” ಅಂತ ನನ್ನನ್ನೇ ತಿದ್ದಲು ಬಂದ. ಆರನೇ ತರಗತಿಗೆ ಹೊರಟಿದ್ದ ಮಗಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳಿಗೆ ಬೇಜಾರು.

ಶಾಲೆಗೆ ತಯಾರಿ ಅಂದಕೂಡಲೇ ನಾವು ಹೋಗುವುದು ಅಂಗಡಿಗೆ. ಬ್ಯಾಗು, ನೋಟ್‌ಬುಕ್ಕು, ಶೂ. ಅದೆಲ್ಲ ಎರಡು ಸಂಜೆಯ ಕೆಲಸ. ದುಡ್ಡು ಕೊಟ್ಟರೆ ಮುಗಿಯಿತು. ದುಡ್ಡು ಕೊಟ್ಟರೂ ಬಾರದ್ದು ಬೆಳಗಿನ ಹೊತ್ತು. ಅಜ್ಜಿ ಮನೆಯಲ್ಲಿ ರಾತ್ರಿ ಊಟ ಆಗುವುದು ಹತ್ತಕ್ಕೆ. ನೆಂಟರಿದ್ದರೆ ಇನ್ನೂ ತಡ. ಆಮೇಲೆ ಜಗಲಿಯಲ್ಲಿ ಹರಟೆ, ಚೌಕಾಬಾರ, ಯಾರದ್ದಾದರೂ ಮೊಬೈಲು. ಮಕ್ಕಳು ಮಲಗುವಾಗ ಹನ್ನೊಂದೂವರೆ. ಬೆಳಗ್ಗೆ ಎಂಟಕ್ಕೆ ಏಳುವುದು, ಒಂಬತ್ತೂವರೆಗೆ ರೊಟ್ಟಿ. ಶಾಲೆ ಶುರುವಾದರೆ ಆಟೋ ಮನೆ ಬಾಗಿಲಿಗೆ ಬರುವುದು ಎಂಟೂ ಮುಕ್ಕಾಲಿಗೆ. ಅಷ್ಟರೊಳಗೆ ಸ್ನಾನ, ತಿಂಡಿ, ಡಬ್ಬಿ ಎಲ್ಲ ಆಗಿ, ನಾನೂ ಒಂಬತ್ತಕ್ಕೆ ಕೆಲಸಕ್ಕೆ ಹೊರಡಬೇಕು.

ಹಿಂದಿನಿಂದ ಲೆಕ್ಕ ಹಾಕಿದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಆರೂವರೆಗೆ ಏಳಬೇಕಾದರೆ ಒಂಬತ್ತಕ್ಕೆ, ಹೆಚ್ಚೆಂದರೆ ಒಂಬತ್ತೂವರೆಗೆ ನಿದ್ದೆ ಹತ್ತಿರಬೇಕು. ಹತ್ತಕ್ಕೆ ಊಟ ಮಾಡುವ ಮನೆಯಲ್ಲಿ ಇದು ಹೇಗೆ ಸಾಧ್ಯ? ಮಕ್ಕಳನ್ನು ಬೆಳಗ್ಗೆ ಬೇಗ ಎಬ್ಬಿಸಿದರೆ ರಾತ್ರಿ ತಾನಾಗಿ ಬೇಗ ನಿದ್ದೆ ಬರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಬೇಗ ಎದ್ದ ಮಕ್ಕಳು ಮಧ್ಯಾಹ್ನ ಊಟ ಮಾಡಿ ಎರಡು ಗಂಟೆ ಮಲಗುತ್ತಾರೆ, ರಾತ್ರಿ ಮತ್ತೆ ಹನ್ನೊಂದಕ್ಕೂ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಹಾಗಾಗಿ ನಾನು ಹಿಡಿದದ್ದು ರಾತ್ರಿ ಊಟವನ್ನು.

ರಜೆ ಮುಗಿಯಲು ಹತ್ತಿರ ಹತ್ತಿರ ಎರಡು ವಾರ ಇದ್ದಾಗ ಅಮ್ಮನ ಹತ್ತಿರ ಮಾತಾಡಿದೆ. ಶಾಲೆ ಅಂತ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಹಲಸಿನ ಹಣ್ಣಿನ ಮಾತು ಬರುತ್ತಿತ್ತು. “ಅಮ್ಮಾ, ಅಡುಗೆ ನಾನು ಮಾಡ್ತೇನೆ, ಒಂಬತ್ತೂವರೆಗೆ ಬಡಿಸೋಣ” ಅಂದೆ. ಎರಡು ಮೂರು ದಿನ ಬಿಟ್ಟು ಒಂಬತ್ತೂಕಾಲು. ಆಮೇಲೆ ಒಂಬತ್ತು. ಹೀಗೇ ಎಂಟರವರೆಗೆ. ಹದಿನೈದು ಹದಿನೈದು ನಿಮಿಷ ಸರಿಸಿದರೆ ಯಾರಿಗೂ ಭಾರ ಆಗುವುದಿಲ್ಲ, ಜಗಳಕ್ಕೂ ಎಡೆ ಇಲ್ಲ. ಒಂದೇ ದಿನ ಎರಡು ಗಂಟೆ ಎಳೆಯಲು ಹೋದರೆ ಇಡೀ ಮನೆ ತಿರುಗಿ ಬೀಳುತ್ತದೆ. ಅಪ್ಪ ಮೂರನೇ ದಿನಕ್ಕೆ, “ಇವತ್ತು ಹೊಟ್ಟೆ ಹಗುರ ಇದೆ” ಅಂದರು. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಊಟ ಬೇಗ ಆದರೆ ನಿದ್ದೆಗಿಂತ ದೊಡ್ಡ ಲಾಭ ಇನ್ನೊಂದಿದೆ. ಬೆಳಗ್ಗೆ ಹಸಿವಾಗುತ್ತದೆ. ಶಾಲೆ ಶುರುವಾದ ವಾರ ಎಲ್ಲ ಮನೆಗಳಲ್ಲೂ ಕೇಳಿಸುವ ಕಿರುಚಾಟ “ತಿಂಡಿ ತಿನ್ನು, ಆಟೋ ಬಂತು” ಅನ್ನುವುದೇ ಅಲ್ವಾ? ರಾತ್ರಿ ಹತ್ತಕ್ಕೆ ಅನ್ನ ಸಾರು ಉಂಡ ಹೊಟ್ಟೆ ಬೆಳಗ್ಗೆ ಏಳೂವರೆಗೆ ದೋಸೆ ಬೇಡ ಅನ್ನುವುದು ಹಟ ಅಲ್ಲ. ಎಂಟಕ್ಕೆ ಊಟ ಮುಗಿಸಿದ ಮಗು ತಾನೇ ತಟ್ಟೆ ಹಿಡಿದು ಬರುತ್ತದೆ. ನಮ್ಮ ಮಗ ಬಂದ. ಅವನು ತಿಂಡಿ ವಿಷಯದಲ್ಲಿ ಎಂಥಾ ಕಿರಿಕಿರಿಯವನು ಅಂತ ನಮ್ಮ ಬೀದಿಗೆಲ್ಲ ಗೊತ್ತು.

ಹಗಲು ನಿದ್ದೆ ತಪ್ಪಿಸಲು ನನಗೆ ಸಿಕ್ಕಿದ್ದು ಹಲಸಿನ ಹಪ್ಪಳ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಆ ವರ್ಷದ ನಮ್ಮ ಅರ್ಧ ಶಾಲೆ ನಡೆದದ್ದು ಹಪ್ಪಳದ ಚಾಪೆಯ ಪಕ್ಕದಲ್ಲಿ. ಬಲಿತ, ಇನ್ನೂ ಹಣ್ಣಾಗದ ಹಲಸನ್ನು ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಬೇಕು. ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸು, ಕೊತ್ತಂಬರಿ ಬೀಜ ಸೇರಿಸಿ ರುಬ್ಬಬೇಕು. ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಚಾಪೆಯ ಮೇಲೆ ಹರವಬೇಕು. ಮಕ್ಕಳ ಕೆಲಸ ಕಾಗೆ ಕಾಯುವುದು ಮತ್ತು ಮೋಡ ಕಂಡರೆ ಕೂಗುವುದು. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆವರೆಗೆ ಆ ಕಾವಲು. ನಿದ್ದೆ ಮಾಡಿದರೆ ಹಪ್ಪಳ ಕಾಗೆ ಪಾಲು.

ಕೂತಲ್ಲೇ ಮಗ್ಗಿ ಬಂತು. ಒಂದು ಸಾಲಿಗೆ ಏಳು ಹಪ್ಪಳ, ಎಷ್ಟು ಸಾಲು, ಒಟ್ಟು ಎಷ್ಟು? ಮಗ ಮೊದಲು ಬೆರಳಿಟ್ಟು ಒಂದೊಂದಾಗಿ ಎಣಿಸಿದ. ಮಾರನೇ ದಿನ ಸಾಲು ಹಿಡಿದು ಏಳು, ಹದಿನಾಲ್ಕು, ಇಪ್ಪತ್ತೊಂದು ಅಂದ. ಅಷ್ಟರಲ್ಲಿ ಅಕ್ಕ ಒಂದು ಹಸಿ ಹಪ್ಪಳ ಬಾಯಿಗೆ ಹಾಕಿಕೊಂಡು ಲೆಕ್ಕ ತಪ್ಪಿಸಿದಳು. ಕಳೆಯುವ ಲೆಕ್ಕವೂ ಆಯಿತು. ಬರವಣಿಗೆಗೆ ಅಮ್ಮನ ಅಡುಗೆ ನೆರವಾಯಿತು. ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಸಂಡಿಗೆ ಮಾಡುವ ಬಗೆಯನ್ನು ಅಮ್ಮ ಹೇಳುತ್ತಾ ಹೋದಂತೆ ಮಗಳು ಬರೆದುಕೊಂಡಳು. ಎರಡು ವರ್ಷ ಮೊಬೈಲಿನಲ್ಲಿ ಪಾಠ ಕೇಳಿದ ಮಕ್ಕಳ ಕೈ ಬರೆಯುವುದನ್ನೇ ಮರೆತಿತ್ತು. ಅರ್ಧ ಪುಟಕ್ಕೇ ನೋವು ಅನ್ನುತ್ತಿದ್ದಳು. ಕಾಪಿ ಪುಸ್ತಕ ತಂದು ದಿನಾ ಒಂದು ಪುಟ ಬರೆಸುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಯಾರೂ ಓದದ ಸಾಲನ್ನು ಮಗು ಸುಮ್ನೆ ಯಾಕೆ ಚೆನ್ನಾಗಿ ಬರೆಯಬೇಕು? ಅಮ್ಮನ ಉಪ್ಪಿನಕಾಯಿಯ ಅಳತೆಯಾದರೆ ತಪ್ಪು ಬರೆದರೆ ಉಪ್ಪಿನಕಾಯಿ ಕೆಡುತ್ತದೆ. ಆ ಪುಸ್ತಕ ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ಶಿವಮೊಗ್ಗಕ್ಕೆ ಶಾಲೆ ಶುರುವಾಗುವ ಹಿಂದಿನ ದಿನ ಬರುವುದಲ್ಲ, ನಾಲ್ಕೈದು ದಿನ ಮೊದಲೇ ಬಂದೆವು. ಇದನ್ನು ಮಾತ್ರ ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಮಕ್ಕಳು ತಮ್ಮ ಹಾಸಿಗೆಗೆ, ತಮ್ಮ ಬಚ್ಚಲಿಗೆ ಮತ್ತೆ ಹೊಂದಿಕೊಳ್ಳಬೇಕು. ಬೆಳಗ್ಗೆ ಎದ್ದ ಕೂಡಲೇ ಇಬ್ಬರನ್ನೂ ಅಂಗಳಕ್ಕೆ ಕಳಿಸುತ್ತಿದ್ದೆ, ಗಿಡಕ್ಕೆ ನೀರು ಹಾಕುವ ನೆಪದಲ್ಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಬೇಗದ ಹೊತ್ತಿಗೆ ಸರಿಯುತ್ತದೆ, ರಾತ್ರಿ ನಿದ್ದೆ ಬೇಗ ಬರುತ್ತದೆ. ಮೇ ತಿಂಗಳಲ್ಲಿ ಆರಕ್ಕೆಲ್ಲ ಬೆಳಕು ಹರಿದಿರುವುದರಿಂದ ಈ ಕೆಲಸಕ್ಕೆ ಅದು ಒಳ್ಳೆಯ ತಿಂಗಳು.

ಆದರೆ ಶಿವಮೊಗ್ಗದ ಮನೆಯಲ್ಲಿ ಬೇರೆ ತೊಡಕಿತ್ತು. ಟಿವಿ. ಅತ್ತೆಯವರ ಧಾರಾವಾಹಿ ಎಂಟೂವರೆಗೆ, ಇವರ ಸುದ್ದಿ ಒಂಬತ್ತಕ್ಕೆ. ಹಾಲ್‌ನಲ್ಲಿ ಟಿವಿ ಓಡುತ್ತಿದ್ದರೆ ಒಳಗಿನ ಕೋಣೆಯಲ್ಲಿ ಮಕ್ಕಳು ಮಲಗುತ್ತಾರೆಯೇ? ಇವರಿಗೆ ನೇರವಾಗಿ ಹೇಳಿದೆ. ಸುದ್ದಿ ಮೊಬೈಲಿನಲ್ಲಿ ಕಿವಿಗೆ ಹಾಕಿಕೊಂಡು ನೋಡಿ ಅಂತ. ಒಪ್ಪಿದರು, ಗೊಣಗಿಕೊಂಡು. ಅತ್ತೆಗೆ ಹಾಗೆ ಹೇಳಲಾಗುವುದಿಲ್ಲ. ಅವರಿಗೆ ದಿನವಿಡೀ ಇರುವ ಮನರಂಜನೆ ಅದೊಂದೇ. “ಅತ್ತೇ, ಅದೇ ಕಂತು ನಾಳೆ ಮಧ್ಯಾಹ್ನ ಮತ್ತೆ ಬರುತ್ತೆ. ಆಗ ನೋಡಿದರೆ ಮಕ್ಕಳಿಗೆ ಕಥೆ ಹೇಳಲು ರಾತ್ರಿ ನೀವು ಸಿಗ್ತೀರಿ” ಅಂದೆ. ಅವರು ಒಂದು ಕ್ಷಣ ಯೋಚಿಸಿ, “ಕಥೆ ನಾನು ಹೇಳ್ತೀನಿ. ಆದ್ರೆ ಶುಕ್ರವಾರದ ಕಂತು ಬಿಡಲ್ಲ ನೋಡು” ಅಂದರು. ಶುಕ್ರವಾರ ಬಿಟ್ಟುಕೊಟ್ಟೆ. ಮಾರನೇ ದಿನ ಶನಿವಾರ, ಅರ್ಧ ದಿನದ ಶಾಲೆ. ಅಷ್ಟು ಸಡಿಲ ಇರಲಿ.

ಕೊಳ್ಳುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೇ ತಿಂಗಳಲ್ಲಿ ದರ್ಜಿಗಳಿಗೆ ಮದುವೆ ಬ್ಲೌಸ್‌ಗಳ ರಾಶಿ, ಸಮವಸ್ತ್ರ ಕೊನೆಗೆ ಉಳಿಯುತ್ತದೆ. ಅದಕ್ಕೇ ರಜೆ ಶುರುವಾದ ವಾರವೇ ಬಟ್ಟೆ ಕೊಟ್ಟಿದ್ದೆ. ಅಳತೆಗೆ ಎರಡು ಬೆರಳು ಜಾಸ್ತಿ ಇಡಿಸಿ, ಅಂಚಿನಲ್ಲಿ ಬಿಚ್ಚಲು ಬಟ್ಟೆ ಬಿಡಿಸಬೇಕು. ಶೂ ಮಾತ್ರ ಕೊನೆಯ ವಾರ ಕೊಂಡೆ. ಮಕ್ಕಳ ಕಾಲು ರಜೆಯಲ್ಲೂ ಬೆಳೆಯುತ್ತದೆ. ಸಂಜೆ ಹೊತ್ತು ಹೋಗಬೇಕು, ಆಗ ಪಾದ ತುಸು ಊದಿರುತ್ತದೆ. ಬೆರಳ ತುದಿಗೂ ಶೂವಿಗೂ ನಡುವೆ ಹೆಬ್ಬೆರಳಗಲ ಜಾಗ ಇರಬೇಕು. ಆ ವರ್ಷ ಪಠ್ಯಪುಸ್ತಕಗಳು ತಡವಾದವು, ಪಕ್ಕದ ಮನೆಯ ಹುಡುಗಿಯ ಹಳೆಯ ಪುಸ್ತಕಗಳನ್ನೇ ಇಟ್ಟುಕೊಂಡೆವು. ನೋಟ್‌ಬುಕ್ಕಿಗೆ ಕಂದು ಕಾಗದದ ಬೈಂಡು, ಅದರ ಮೇಲೆ ಪ್ಲಾಸ್ಟಿಕ್. ಬರೀ ಕಾಗದ ಹಾಕಿದರೆ ನಮ್ಮ ಮಳೆಗೆ ಆಗಸ್ಟ್ ಹೊತ್ತಿಗೆ ಮೂಲೆಗಳೆಲ್ಲ ಮುದ್ದೆ.

ಮೇ 16 ಸೋಮವಾರ, ಬುದ್ಧ ಪೂರ್ಣಿಮೆ. ಇಬ್ಬರೂ ಕೂಗಾಟವಿಲ್ಲದೆ ಹೋದರು. ಮೊದಲ ದಿನಗಳಿಗೆ ‘ಮಳೆಬಿಲ್ಲು’ ಅಂತ ಹೆಸರಿಟ್ಟು ಹಾಡು, ಆಟ, ಚಿತ್ರ, ಕಥೆ ಅಂತಲೇ ಇಟ್ಟಿದ್ದರು. ನೇರ ಪಾಠಕ್ಕೆ ಇಳಿಯಲಿಲ್ಲ. ಅದು ತುಂಬಾ ಒಳ್ಳೆಯ ಯೋಚನೆ. ಬೇಗ ಶಾಲೆ ತೆರೆದದ್ದನ್ನು ಬೈದವರೂ ಇದನ್ನು ಒಪ್ಪಿಕೊಳ್ಳಬೇಕು. ಮೂರನೇ ದಿನದಿಂದ ಮಳೆ ಹಿಡಿಯಿತು. ಮುಂಗಾರು ಇನ್ನೂ ಬಂದಿರಲಿಲ್ಲ, ಆದರೂ ಸುರಿದ ಪರಿ ಜುಲೈನದು. ರೇನ್‌ಕೋಟು ಅಟ್ಟದಿಂದ ಇಳಿಯಿತು. ಶೂವಿನೊಳಗೆ ಹಳೆಯ ಪೇಪರು ತುರುಕಿ ಒಲೆ ಹತ್ತಿರ ಇಡುವ ಕೆಲಸ ಎರಡು ವಾರ ಮೊದಲೇ ಶುರು.

ಸಂಜೆ ಮಕ್ಕಳು ಬಂದಾಗ “ಇವತ್ತು ಏನು ಕಲಿತೆ?” ಅಂತ ಕೇಳಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ. ಮೊದಲು ತಿನ್ನಲು ಕೊಡಬೇಕು. ಅವಲಕ್ಕಿ ಮೊಸರೋ, ಬಾಳೆಹಣ್ಣೋ, ಒಂದೆರಡು ಹಲಸಿನ ಹಪ್ಪಳವೋ. ಆ ಮೊದಲ ವಾರ ಮಕ್ಕಳು ಸೋತು ಹೋಗಿರುತ್ತಾರೆ. ಟ್ಯೂಷನ್, ಸಂಗೀತ, ಅಬ್ಯಾಕಸ್ ಯಾವುದೂ ಆ ವಾರ ಬೇಡ. ತಿಂದು ಅರ್ಧ ಗಂಟೆ ಆದ ಮೇಲೆ ಮಾತು ತಾನಾಗಿ ಬರುತ್ತದೆ. ನಮ್ಮ ಮನೆಯಲ್ಲಿ ಬಂದದ್ದು ರಾತ್ರಿ ಊಟದ ಹೊತ್ತಿಗೆ. ಟಿವಿ ಇಲ್ಲದ್ದರಿಂದ ಬೇರೆ ಕೇಳುವುದಕ್ಕೂ ಏನೂ ಇರಲಿಲ್ಲ.

ಅಮ್ಮನ ಹಲಸಿನ ಹಣ್ಣಿನ ಕೊರಗಿಗೂ ದಾರಿ ಮಾಡಿದೆವು. ಜೂನ್‌ನಲ್ಲಿ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹೊರಟು, ಗಾಜನೂರು, ಮಂಡಗದ್ದೆ ದಾಟಿ ಅಜ್ಜಿ ಮನೆ ಸೇರಿ, ಭಾನುವಾರ ಸಂಜೆ ವಾಪಸ್. ಈ ಪ್ರವಾಸ ರಜೆಯಲ್ಲೇ ಗೊತ್ತು ಮಾಡಿಟ್ಟಿದ್ದೆವು. ರಜೆ ಮುಗಿಯಿತು ಅಂತ ಅಳುವ ಮಗುವಿಗೆ ಮುಂದಿನ ಅಜ್ಜಿ ಮನೆಯ ದಿನ ಕ್ಯಾಲೆಂಡರಿನಲ್ಲಿ ತೋರಿಸಲು ಆಗಬೇಕು.

2025ರಲ್ಲಿ ಶಾಲೆ ತೆರೆದದ್ದು ಮೇ 29ಕ್ಕೆ. ಆದರೆ ಆ ಸಲ ಮಳೆಯೇ ಬೇಗ ಬಂತು. ಮುಂಗಾರು ಕೇರಳಕ್ಕೆ ಮೇ 24ಕ್ಕೇ ಮುಟ್ಟಿತು, ಹಪ್ಪಳ ಅರ್ಧಕ್ಕೆ ನಿಂತಿತು. ಊಟ ಸರಿಸುವ ಕೆಲಸ ಮಾತ್ರ ಪ್ರತಿ ವರ್ಷ ಅದೇ ರೀತಿ. ಮಗನಿಗೆ ಈಗಲೂ ಚೆನ್ನಾಗಿ ಆಗುತ್ತದೆ. ಮಗಳು ಒಂಬತ್ತನೇ ತರಗತಿಗೆ ಬಂದಳು, ಅವಳಿಗೆ ಒಂಬತ್ತಕ್ಕೆ ನಿದ್ದೆ ಬಾ ಅಂದರೆ ಬರುವುದಿಲ್ಲ. ಆ ವಯಸ್ಸಿನಲ್ಲಿ ನಿದ್ದೆಯ ಹೊತ್ತೇ ತಡಕ್ಕೆ ಸರಿಯುತ್ತದೆ, ಅದು ಸೋಮಾರಿತನ ಅಲ್ಲ. ಹದಿಮೂರು ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಸಾಕು. ಅವಳ ಜೊತೆ ಕೂತು ಮಾತಾಡಿ ಹತ್ತೂಕಾಲು ಅಂತ ಗೊತ್ತು ಮಾಡಿದ್ದೇವೆ, ಮೊಬೈಲು ಹಾಲ್‌ನಲ್ಲೇ ಇರಬೇಕು ಅನ್ನುವ ಕರಾರಿನ ಮೇಲೆ. ಅವಳೂ ಒಂದು ಕರಾರು ಹಾಕಿದಳು, ಅಪ್ಪನ ಮೊಬೈಲೂ ಅಲ್ಲೇ ಇರಬೇಕು ಅಂತ. ಇವರು ಇನ್ನೂ ಉತ್ತರ ಕೊಟ್ಟಿಲ್ಲ.