ಸಾಲ ಕೈಮೀರಿದಾಗ ಬಾಡಿಗೆ ಮನೆ ಹಿಡಿಯುವುದು ಹೇಗೆ?

ಸಾಲದಲ್ಲಿ ಸಿಕ್ಕಿಬಿದ್ದವರು ಎಡವುವುದು ಹೆಚ್ಚಾಗಿ ಕೋರ್ಟಿನಲ್ಲಿ ಅಲ್ಲ, ಮನೆ ಬದಲಿಸುವಾಗ. ವಸೂಲಿಯವರ ಕಣ್ಣು ತಪ್ಪಿಸಲು ಬೆಳಗಾವಿಯ ವಡಗಾವಿಯಿಂದ ರಾತ್ರೋರಾತ್ರಿ ಹಿಂಡಲಗಾ ಕಡೆಗೆ ಟೆಂಪೊ ಹೊರಡುತ್ತದೆ. ಇಲ್ಲವೇ ಕೈಯಲ್ಲಿ ಉಳಿದ ದುಡ್ಡನ್ನೆಲ್ಲ ಲೀಸಿಗೆ ಸುರಿದು, ಕರಾರನ್ನು ಭಾವಮೈದುನನ ಹೆಸರಿಗೆ ಬರೆಸುತ್ತಾರೆ. ಮುಂದೆ ಸಾಲ ತೀರಿಸಲಾರೆ ಎಂದು ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದಾಗ ಎದುರಾಳಿ ವಕೀಲರು ಮೊದಲು ಎತ್ತಿ ಹಿಡಿಯುವುದು ಇದನ್ನೇ.

ಯಾವ ಕಾನೂನು ಎಂಬುದು ಮೊದಲು ಗೊತ್ತಿರಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ನೌಕರರಿಗೆ, ನೇಕಾರರಿಗೆ, ಸಣ್ಣ ಅಂಗಡಿಯವರಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಅಧ್ಯಾಯಗಳಿವೆ ನಿಜ. ಆದರೆ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ‘ಹೊಸ ಕಾಯ್ದೆಯಲ್ಲಿ ಆರು ತಿಂಗಳಿಗೆ ಸಾಲಮುಕ್ತಿ’ ಎಂದು ಮೊಬೈಲಿನಲ್ಲಿ ಬರುವ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಾಲ ಕೊಟ್ಟವರು ಎರಡು ಮೂರು ಮಂದಿಯಷ್ಟೇ ಇದ್ದರೆ ದಿವಾಳಿಗಿಂತ ಲೋಕ ಅದಾಲತ್ ವಾಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಒಂದು ಎಚ್ಚರ: ಅಲ್ಲಾಗುವ ರಾಜಿ ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಬಾಡಿಗೆ ಕಳೆದು ಕೈಯಲ್ಲಿ ಉಳಿಯುವುದಕ್ಕಿಂತ ದೊಡ್ಡ ಕಂತಿಗೆ ಸಹಿ ಹಾಕಬೇಡಿ.

ಮುಂದಿನದು ಬಾಡಿಗೆಯ ಲೆಕ್ಕ. ಇಂದಿನ ಸಂಬಳ ನೋಡಿ ಮನೆ ಹುಡುಕಬಾರದು, ಸಾಲಕ್ಕಾಗಿ ಕೋರ್ಟಿನಿಂದ ಜಪ್ತಿಯಾದ ಮೇಲೆ ಉಳಿಯುವ ಸಂಬಳ ನೋಡಿ ಹುಡುಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ, ಜೀವನಾಂಶ ಬಿಟ್ಟು ಉಳಿದ ಡಿಕ್ರಿಗಳಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ 25,000 ಎಣಿಸುವವರಿಗೆ ಜಪ್ತಿ ಆಗಬಹುದಾದದ್ದು 24,000ದ ಮೂರನೇ ಒಂದು ಪಾಲು, ಅಂದರೆ 8,000. ಉಳಿಯುವುದು 17,000. ಇದರ ಕಾಲುಭಾಗ ದಾಟದ ಮನೆ ಹಿಡಿಯಿರಿ, ಸುಮಾರು 4,000. ಎರಡು ಕೋಣೆ ಸಿಗಲಿಕ್ಕಿಲ್ಲ, ಒಂದರಲ್ಲೇ ಇರಿ. ಸೊಸೈಟಿ ಸಾಲಕ್ಕೆ ಸಂಬಳದಲ್ಲೇ ಕಡಿತಕ್ಕೆ ಒಪ್ಪಿ ಸಹಿ ಮಾಡಿದ್ದರೆ ಅದನ್ನೂ ಕಳೆಯಿರಿ.

ಬಾಡಿಗೆ ಕೊಡುವ ಖಾತೆ, ಸಾಲ ಇರುವ ಬ್ಯಾಂಕಿನಲ್ಲಿ ಇರಬಾರದು. ಸಂಬಳ ಬಿದ್ದ ದಿನವೇ ಕಂತು ತಾನಾಗಿ ಕಡಿತವಾಗಿ, ಐದನೇ ತಾರೀಖಿಗೆ ಮಾಲಕರಿಗೆ ಕೊಡಲು ಖಾತೆಯಲ್ಲಿ 212 ರೂಪಾಯಿ ಉಳಿಯುವುದು ಹೀಗೆ. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಇದು ಮುಚ್ಚಿಡುವುದಲ್ಲ, ಅರ್ಜಿಯ ಆಸ್ತಿ ಪಟ್ಟಿಯಲ್ಲಿ ಆ ಖಾತೆಯನ್ನೂ ಬರೆಯಲೇಬೇಕು. ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ ಮಾತ್ರ ಕೊಡಬೇಡಿ. ಅದು ಬೌನ್ಸ್ ಆದರೆ, ನೋಟಿಸ್ ಸಿಕ್ಕ 15 ದಿನದಲ್ಲಿ ಹಣ ಕಟ್ಟದಿದ್ದರೆ ಕ್ರಿಮಿನಲ್ ಪ್ರಕರಣ. ಇದ್ದ ಸಾಲಕ್ಕೆ ಇದೊಂದು ಸೇರುವುದು ಬೇಡ.

ಲೀಸ್ ಮನೆ? ಬೇಡವೇ ಬೇಡ. ಲಕ್ಷಗಟ್ಟಲೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು ಆಕರ್ಷಕವಾಗಿ ಕಾಣುತ್ತದೆ. ಆದರೆ ಹಿಂದಕ್ಕೆ ಬರುವ ಹಣವೆಲ್ಲ ನಿಮ್ಮ ಆಸ್ತಿ. ದಿವಾಳಿ ಎಂದು ಆದೇಶವಾದ ದಿನ ಅದು ಕೋರ್ಟಿನ ಅಥವಾ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವ ರಿಸೀವರ್‌ನ ವಶಕ್ಕೆ ಸೇರುತ್ತದೆ. ಸಣ್ಣ ಡಿಪಾಸಿಟ್ಟೂ ಸೇರುತ್ತದೆ, ಆದ್ದರಿಂದಲೇ ಅದು ಸಣ್ಣದಿರಲಿ. ಒಂದೆರಡು ತಿಂಗಳ ಬಾಡಿಗೆಯಷ್ಟಕ್ಕೆ ಮಾಲಕರನ್ನು ಒಪ್ಪಿಸಿ, ಬೇಕಾದರೆ ತಿಂಗಳ ಬಾಡಿಗೆ 200 ರೂಪಾಯಿ ಹೆಚ್ಚಿಗೆ ಕೊಡಿ. ಡಿಪಾಸಿಟ್ಟಿಗೆಂದೇ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ತೀರಿಸಲಾರೆ ಎಂದು ಗೊತ್ತಿದ್ದೂ ಎತ್ತಿದ ಸಾಲ, ಮುಂದೆ ಕೋರ್ಟಿನಲ್ಲಿ ಸಾಲದಿಂದ ಬಿಡುಗಡೆ ಕೇಳುವಾಗ ಅಡ್ಡ ಬರುತ್ತದೆ.

ಈಗ ಕರಾರು. ಎಲ್ಲರೂ ಓದದೆ ಸಹಿ ಹಾಕುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನ. ಕೋರ್ಟಿನ ಹತ್ತಿರ ಬಾಂಡ್ ಟೈಪ್ ಮಾಡುವವರ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಮಾದರಿ ಇರುತ್ತದೆ. ಹೆಸರು, ಮೊತ್ತ ಬದಲಿಸಿ ಐದು ನಿಮಿಷದಲ್ಲಿ ಕೈಗಿಡುತ್ತಾರೆ. ಅದನ್ನು ಮನೆಗೆ ಒಯ್ದು ಸಾಲು ಸಾಲು ಓದಿ. ಹುಡುಕಬೇಕಾದ ಸಾಲು ಒಂದೇ: ‘ಬಾಡಿಗೆದಾರರು ದಿವಾಳಿಯಾದಲ್ಲಿ ಮಾಲಕರು ಮನೆಯನ್ನು ಮರಳಿ ವಶಕ್ಕೆ ಪಡೆಯಬಹುದು.’ ಬೇರೆ ಕಡೆ ಇಂಥ ಷರತ್ತನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 12ನೇ ಕಲಮು ಅಮಾನ್ಯ ಮಾಡುತ್ತದೆ, ಆದರೆ ಬಾಡಿಗೆ ಕರಾರಿನಲ್ಲಿ ಮಾಲಕರ ಅನುಕೂಲಕ್ಕೆ ಬರೆದದ್ದನ್ನು ಹೊರಗಿಟ್ಟಿದೆ. 111(ಜಿ) ಕಲಮಿನ ಪ್ರಕಾರ, ಷರತ್ತು ಇದ್ದು ನೀವು ದಿವಾಳಿ ಎಂದು ಘೋಷಿತರಾದರೆ, ಮಾಲಕರು ಲಿಖಿತ ನೋಟಿಸ್ ಕೊಟ್ಟು ಬಾಡಿಗೆ ಹಕ್ಕನ್ನು ಮುರಿಯಬಹುದು. ಷರತ್ತು ಇಲ್ಲದಿದ್ದರೆ ದಿವಾಳಿ ಆಯಿತೆಂಬ ಒಂದೇ ಕಾರಣಕ್ಕೆ ಈ ದಾರಿ ಅವರಿಗಿಲ್ಲ. ಆ ಸಾಲನ್ನು ತೆಗೆಸಿ, ಅದರ ಜಾಗದಲ್ಲಿ ‘ಎರಡು ತಿಂಗಳ ಬಾಡಿಗೆ ಬಾಕಿಯಾದಲ್ಲಿ ಮಾತ್ರ’ ಎಂದು ಬರೆಸಿ.

ತೆಗೆಸಿ ಎಂದರೆ ಕಾರಣ ಕೇಳುತ್ತಾರೆ. ಹೇಳಿಬಿಡಿ. ಇಲ್ಲಿನ ಮನೆ ಮಾಲಕರು ಸಿಬಿಲ್ ಸ್ಕೋರು ನೋಡುವುದು ಅಪರೂಪ, ಊರು, ನೌಕರಿ, ಮನೆತನ ಕೇಳುತ್ತಾರೆ. ಅವರಿಗೆ ಸಿಟ್ಟು ಬರುವುದು ನಿಮ್ಮ ಸಾಲಕ್ಕಲ್ಲ, ಮೂರನೇ ತಿಂಗಳು ಬಾಗಿಲಿಗೆ ಬಂದು ಕೂಗಾಡುವ ವಸೂಲಿಯವನಿಂದ ಅದು ಗೊತ್ತಾದರೆ. ಇಷ್ಟು ಸಾಕು: “ಕಾಕಾ, ಮೊದಲ ಹೇಳಿಬಿಡತೇನ್ರಿ, ನನ್ನ ಮ್ಯಾಲೆ ಸಾಲ ಐತಿ, ಕೋರ್ಟಿಗೆ ಹೋಗೂ ವಿಚಾರ ಐತಿ. ಬಾಡಿಗಿ ಮಾತ್ರ ಐದನೇ ತಾರೀಖಿನೊಳಗ ನಿಮ್ಮ ಖಾತೆಗೆ ಬರತೈತ್ರಿ.” ಹತ್ತರಲ್ಲಿ ಕೆಲವರು ಒಲ್ಲೆ ಎನ್ನುತ್ತಾರೆ. ಅಂಥವರ ಮನೆ ತಪ್ಪಿದ್ದೇ ಒಳ್ಳೆಯದು.

ಕರಾರು 11 ತಿಂಗಳದ್ದಿರಲಿ, ನಿಮ್ಮ ಹೆಸರಿನಲ್ಲೇ ಇರಲಿ. ಡಿಪಾಸಿಟ್ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಬ್ಯಾಂಕ್ ಮೂಲಕವೇ ಕೊಡಿ. ಮಾಲಕರು ನಗದನ್ನೇ ಕೇಳಿದರೆ ಸಹಿ ಮಾಡಿದ ರಸೀದಿ ಪಡೆಯಿರಿ. ಸಂಬಂಧಿಕರ ಹೆಸರಿನಲ್ಲಿ ಡಿಪಾಸಿಟ್ ಇಡುವ ಉಪಾಯ ಕೆಲಸಕ್ಕೆ ಬಾರದು. ಪ್ರತಿಫಲವಿಲ್ಲದೆ ಇನ್ನೊಬ್ಬರಿಗೆ ದಾಟಿಸಿದ ಆಸ್ತಿಯನ್ನು, ಎರಡು ವರ್ಷದೊಳಗೆ ದಿವಾಳಿಯಾದರೆ, ಕೋರ್ಟು ದಿವಾಳಿ ಕಾಯ್ದೆಯ 53ನೇ ಕಲಮಿನಡಿ ರದ್ದು ಮಾಡಬಹುದು. ಅರ್ಜಿ ಹಾಕುವ ಮೊದಲಿನ ಮೂರು ತಿಂಗಳಲ್ಲಿ ಅಣ್ಣನ ಕೈಸಾಲವನ್ನೋ ಹಳೆಯ ಮಾಲಕರ ಬಾಕಿಯನ್ನೋ ಮಾತ್ರ ತೀರಿಸಿ ಉಳಿದವರನ್ನು ಬಿಟ್ಟರೂ ಅದೇ ಗತಿ, ಅದು 54ನೇ ಕಲಮು. ತಿಂಗಳ ತಿಂಗಳ ಚಾಲ್ತಿ ಬಾಡಿಗೆ ಕೊಡಲು ಅಂಜಬೇಕಿಲ್ಲ.

ಸಾಮಾನು ಸಾಗಿಸಲು ರಾತ್ರಿ ಬೇಕಿಲ್ಲ. ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ ಜಪ್ತಿಗೆ ಸಿಗುವುದಿಲ್ಲ. ಪವರ್‌ಲೂಮಿಗೂ ಇದೇ ರಕ್ಷಣೆ ಎಂದು ನಂಬಿ ಕೂರಬೇಡಿ.

ಮನೆ ಬದಲಿಸಿದ ವಾರದಲ್ಲೇ ಸಾಲ ಕೊಟ್ಟ ಪ್ರತಿಯೊಬ್ಬರಿಗೂ ಹೊಸ ವಿಳಾಸವನ್ನು ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ. ಇದನ್ನು ಕೇಳಿ ಅನೇಕರು ಬೆಚ್ಚುತ್ತಾರೆ. ಆದರೆ ವಿಳಾಸ ಮುಚ್ಚಿಟ್ಟರೆ ದಾವೆ ನಿಲ್ಲುವುದಿಲ್ಲ. ಸಮನ್ಸ್ ಹಳೆಯ ಮನೆಯಿಂದ ವಾಪಸಾಗುತ್ತದೆ, ಕೋರ್ಟು ಬಾಗಿಲಿಗೆ ಅಂಟಿಸಲು ಅಥವಾ ಪತ್ರಿಕೆಯಲ್ಲಿ ಪ್ರಕಟಿಸಲು ಹೇಳುತ್ತದೆ, ನೀವಿಲ್ಲದೆಯೇ ಏಕಪಕ್ಷೀಯ ಡಿಕ್ರಿ ಆಗುತ್ತದೆ. ಅದನ್ನು ರದ್ದುಪಡಿಸಿಕೊಳ್ಳಲು ಇರುವುದು 30 ದಿನ. ವಸೂಲಿ ಏಜೆಂಟರ ಕಾಟದ ಅಂಜಿಕೆ ಇದ್ದರೆ, ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೈಕ್ರೊಫೈನಾನ್ಸ್ ಸಾಲಕ್ಕೆ ಅದು 9ರಿಂದ 6. ಕರೆಯ ಹೊತ್ತು ಬರೆದಿಡಿ.

ಅರ್ಜಿಯನ್ನು ಹೊಸ ಮನೆಗೆ ಹೋದ ಮೇಲೆ ಹಾಕಿ. ನೀವು ವಾಸಿಸುವ ಅಥವಾ ದುಡಿಯುವ ಊರಿನ ಮೇಲೆ ಅಧಿಕಾರ ಇರುವ ಕೋರ್ಟಿನಲ್ಲೇ ಅದು ನಡೆಯುವುದರಿಂದ, ಬಾಗಲಕೋಟೆಯ ನವನಗರದಲ್ಲಿ ಅರ್ಜಿ ಹಾಕಿ ವಿಜಯಪುರಕ್ಕೆ ಗಂಟುಮೂಟೆ ಕಟ್ಟಿದರೆ ಪ್ರತಿ ತಾರೀಖಿಗೂ ಬಸ್ಸು ಹತ್ತಬೇಕು. ಸಾಲ ಕೊಟ್ಟವರ ಜತೆ ಹೊಂದಾಣಿಕೆ ಮಾಡಿಕೊಳ್ಳುವ ದಾರಿ ದಿವಾಳಿ ಆದೇಶದ ನಂತರ ತೆರೆಯುತ್ತದೆ: ಸಂಖ್ಯೆಯಲ್ಲಿ ಹೆಚ್ಚಿನವರು, ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲು ಇರುವವರು ಒಪ್ಪಬೇಕು, ಕೋರ್ಟೂ ಒಪ್ಪಬೇಕು. ಆ ಹೊಂದಾಣಿಕೆಯ ಪ್ರಸ್ತಾವಕ್ಕೆ ಬಾಡಿಗೆ ಕರಾರಿನ ಪ್ರತಿಯನ್ನು ಲಗತ್ತಿಸಿ. ಸೊಸೈಟಿ ಸಾಲಕ್ಕೆ ಜಾಮೀನು ನಿಂತ ಸಹೋದ್ಯೋಗಿಗೂ ಈಗಲೇ ತಿಳಿಸಿ, ನಿಮಗೆ ಬಿಡುಗಡೆ ಸಿಕ್ಕರೂ ಅವರಿಗೆ ಸಿಗುವುದಿಲ್ಲ.

ಆದೇಶವಾಗಿ ಬಿಡುಗಡೆ ಸಿಗುವವರೆಗಿನ ಅವಧಿಯಲ್ಲಿ ಬಾಡಿಗೆಯನ್ನು ತಿಂಗಳ ಮೊದಲೇ ಕೊಡಿ. ದಿವಾಳಿ ಕಾಯ್ದೆಯ 72ನೇ ಕಲಮಿನಂತೆ, ದಿವಾಳಿ ಎಂದು ತಿಳಿಸದೆ ಯಾರಿಂದಲೇ ಆಗಲಿ 50 ರೂಪಾಯಿ ಅಥವಾ ಹೆಚ್ಚು ಉದ್ರಿ ಪಡೆದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. 1920ರ 50 ರೂಪಾಯಿ ಇಂದಿಗೂ 50 ರೂಪಾಯಿಯೇ! ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಇದರಲ್ಲಿ ಬರುತ್ತದೆ. ಈ ನಡುವೆ ಮನೆ ಬಿಡಬೇಕಾಗಿ ಬಂದು ಡಿಪಾಸಿಟ್ ವಾಪಸಾದರೆ, ಹೊಸ ಮನೆಗೆ ಕೊಡುವ ಮೊದಲು ವಕೀಲರ ಮೂಲಕ ರಿಸೀವರ್‌ಗೆ ಬರೆದು ತಿಳಿಸಿ, ಆ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.