ಬೆಂಗಳೂರಲ್ಲಿ ಪುಟಾಣಿ ಕೇಳಬೇಡಿ

ವಿಜಯಪುರದಿಂದ ನಾನೂ ನನ್ನ ಗೆಳತಿಯೂ ಒಂದೇ ಬಸ್ಸಿನಲ್ಲಿ ಬಂದು ಬೆಂಗಳೂರಲ್ಲಿ ಇಳಿದೆವು. ಈಗ ನಮ್ಮ ಕಡೆಯಿಂದ ಹೊರಟವರು 'ಹೆಂಗ ಹೊಂದ್ಕೊಂಡ್ರಿ?' ಅಂತ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದು ಇಷ್ಟು.

ಮೊದಲು ದಿನಸಿ ಅಂಗಡಿಯ ಮಾತು ಕಲಿಯಿರಿ. ಬಂದ ಎರಡನೇ ದಿನ ವಿಜಯನಗರದ ಒಂದು ಅಂಗಡಿಯಲ್ಲಿ 'ಪಾವ್ ಕಿಲೋ ಪುಟಾಣಿ ಕೊಡ್ರಿ' ಅಂದೆ. ಅಂಗಡಿಯವರು ನನ್ನ ಹಿಂದೆ ಇಣುಕಿ ನೋಡಿ, 'ಯಾವ ಪುಟಾಣಿನಮ್ಮಾ?' ಅಂದರು. ಇಲ್ಲಿ ಪುಟಾಣಿ ಅಂದ್ರೆ ಚಿಕ್ಕ ಮಗು. ನಮ್ಮ ಪುಟಾಣಿಗೆ ಇವರು ಹುರಿಗಡಲೆ ಅಂತಾರೆ. ಉಳ್ಳಾಗಡ್ಡಿ ಈರುಳ್ಳಿ, ಚುನಮರಿ ಕಡ್ಲೆಪುರಿ, ಶೇಂಗಾ ಕಡ್ಲೆಕಾಯಿ. ಗೆಳತಿ ಅವತ್ತೇ ಎಲ್ಲ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದಳು.

ಆದರೆ ಎಲ್ಲ ಕಡೆ ಜೋಡಿಯಾಗಿ ಹೋಗಬೇಡಿ. ಎರಡು ತಿಂಗಳು ನಾವು ಅದೇ ಮಾಡಿದೆವು. ನಮ್ಮ ನಮ್ಮಲ್ಲೇ ಮಾತು, ಪರಿಚಯ ಒಬ್ಬರದೂ ಆಗಲಿಲ್ಲ. ಆಮೇಲೆ ಭಾನುವಾರ ಬೇರೆ ಬೇರೆ ಬಸ್ ಹತ್ತಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಕರ್ನಾಟಕದ ವಿಳಾಸದ ಆಧಾರ್ ತೋರಿಸಿದರೆ ಬಿಎಂಟಿಸಿಯಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ದಾರಿ ತಪ್ಪಿದರೂ ದುಡ್ಡು ಹೋಗಲ್ಲ. (ಎಸಿ ಬಸ್ಸಿಗೆ ಇದು ನಡೆಯಲ್ಲ. ನಾನು ಹತ್ತಿ ಇಳಿದಿದ್ದೇನೆ.) ಹೀಗೇ ಗಾಂಧಿ ಬಜಾರ್ ನೋಡಲು ಹೋದ ಗೆಳತಿ ಕಡಲೆಕಾಯಿ ಪರಿಷೆಯ (ಶೇಂಗಾ ಜಾತ್ರೆ) ಜನದಲ್ಲಿ ಸಿಕ್ಕಿಕೊಂಡು, ರಾತ್ರಿ ಒಂದು ಸೇರು ಶೇಂಗಾ ಹೊತ್ತು ಬಂದಳು. ಪರಿಷೆ ಕಾರ್ತಿಕದ ಕೊನೇ ಸೋಮವಾರ, ಹಿಂದಿನ ದಿನವೇ ರಸ್ತೆ ತುಂಬಿರುತ್ತೆ. ಆ ಶೇಂಗಾ ಬಿಡಿಸಿ ತಿನ್ನುತ್ತಾ ಅವಳು ಹೇಳಿದ್ದು ಕೇಳಿ, ಸೋಮವಾರ ನಾನೊಬ್ಬಳೇ ಹೋದೆ.

ರೊಟ್ಟಿ ಬಡಿಯೋದು ಮಾತ್ರ ನಿಲ್ಲಿಸಬೇಡಿ. ಒಂದು ರಾತ್ರಿ ಟಪಟಪ ಸದ್ದು ಕೇಳಿ ಕೆಳಗಿನ ಓನರ್ ಆಂಟಿ ಮೇಲೆ ಬಂದರು. ಬೈತಾರೆ ಅಂದುಕೊಂಡೆವು. ಅವರು ಬಾಗಿಲಲ್ಲೇ ನಿಂತು, ಲಟ್ಟಣಿಗೆ ಇಲ್ಲದೆ ಹಿಟ್ಟು ಅಂಗೈ ಕೆಳಗೆ ಅಗಲ ಆಗೋದನ್ನ ನೋಡಿದರು. ಬಿಸಿ ರೊಟ್ಟಿ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟೆವು. ಮರುದಿನ ಅದೇ ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಬಂತು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಅವರೇ ಕಲಿಸಿದರು.

ಇನ್ನೊಂದು. ರೂಮಿನೊಳಗೆ ನಮ್ಮ ಕಡೆ ಮಾತೇ ಆಗಬೇಕು, ಬೆಂಗಳೂರ ಮಾತು ಬಾಯಿಗೆ ಬಂದರೆ ಐದು ರೂಪಾಯಿ ದಂಡ ಅಂತ ನಾವೊಂದು ಡಬ್ಬಿ ಇಟ್ಟಿದ್ದೇವೆ. ನೀವೂ ಇಡಿ. ಹೋದ ವಾರ ಅವ್ವನ ಹತ್ತಿರ ಫೋನಿನಲ್ಲಿ 'ಈರುಳ್ಳಿ ರೇಟ್ ಎಷ್ಟು?' ಅಂದುಬಿಟ್ಟೆ. ಆ ಕಡೆ ಅವ್ವ ನಕ್ಕಳು. ಈ ಕಡೆ ಗೆಳತಿ ಡಬ್ಬಿ ಹಿಡಿದು ನಿಂತಿದ್ದಳು.